ಕೌದಿಯ ಪಟ್ಟಿ ಮತ್ತು ಮೊಮ್ಮಗಳ ಸೊನ್ನೆ

ನಾನು ಕಲಿತದ್ದು ಎರಡನೆಯ ಇಯತ್ತೆ. ನನ್ನ ಮೊಮ್ಮಗಳು ತೇರಗಾಂವದಿಂದ ದಿನಾ ಬಸ್ಸು ಹಿಡಿದು ಹಳಿಯಾಳಕ್ಕೆ ಹೋಗಿ ಇಂಜಿನಿಯರಿಂಗ್ ಓದುತ್ತಾಳೆ. ಇದನ್ನು ಹೇಳುವಾಗ ಇವತ್ತಿಗೂ ನನ್ನ ಎದೆ ಉಬ್ಬುತ್ತದೆ.

ಉದ್ದುದ್ದ ಬೀಜಗಣಿತವನ್ನು ಚಿಕ್ಕದು ಮಾಡಿಕೊಡುವ ಪ್ರೋಗ್ರಾಂ ಒಂದನ್ನು ಅವಳು ಬರೆದಿದ್ದಳು. ಸೋಮವಾರ ಮಾಸ್ತರರಿಗೆ ತೋರಿಸಬೇಕು, ಅವರು ಒಪ್ಪದಿದ್ದರೆ ವರ್ಷವೇ ಹೋದಂತೆ. ಶನಿವಾರ ಮಧ್ಯಾಹ್ನ ನೋಡಿದರೆ ಮುಖ ಸಣ್ಣದು ಮಾಡಿಕೊಂಡು ಕುಳಿತಿದ್ದಳು. ಎಕ್ಸ್ ಅಂತ ಒಂದಿದೆಯಂತೆ, ಅದು ಏನೋ ನನಗೆ ತಿಳಿಯದು. ಅದನ್ನು ಹತ್ತು ಪಾಲು ಮಾಡಿ, ಒಂದು ಪಾಲಿಗೆ ಎರಡು ಪಾಲು ಕೂಡಿಸಿ, ಮೂರು ಪಾಲು ಕಳೆದರೆ ಏನೂ ಉಳಿಯಬಾರದು. ಅಷ್ಟು ನನಗೂ ಗೊತ್ತು. ಆದರೆ ಪರದೆಯ ಮೇಲೆ ಸೊನ್ನೆ, ಚುಕ್ಕೆ, ಇರುವೆ ಸಾಲಿನ ಹಾಗೆ ಮತ್ತೆ ಸೊನ್ನೆಗಳು, ಬಾಲದಲ್ಲಿ ಐದು ಐದು. ಧೂಳಿರಬೇಕೆಂದು ಸೆರಗಿನಿಂದ ಒರೆಸಿದೆ. ಹೋಗಲಿಲ್ಲ.

ಕಂಪ್ಯೂಟರಿಗೆ ಹತ್ತನೆಯ ಪಾಲನ್ನು ಪೂರ್ತಿ ಹಿಡಿದಿಡಲು ಬರುವುದಿಲ್ಲ, ತುದಿ ಕತ್ತರಿಸಿಯೇ ಇಟ್ಟುಕೊಳ್ಳುತ್ತದೆ, ಆ ವ್ಯತ್ಯಾಸವೇ ಹೀಗೆ ಉಳಿಯುತ್ತದೆ ಎಂದಳು. ಅಷ್ಟು ಶಾಣ್ಯಾ ಯಂತ್ರಕ್ಕೆ ಹತ್ತು ಪಾಲು ಮಾಡಲು ಬಾರದೆಂದರೆ ಯಾರು ನಂಬಬೇಕು?

ಬೇಸರ ಕಳೆಯಲಿ ಎಂದು, ಹಳೆ ಬಟ್ಟೆಯ ತುಂಡು ಜೋಡಿಸಿ ಹೊದಿಕೆ ಹೊಲಿಯುವ ನನ್ನ ಕೌದಿಯ ಕೆಲಸಕ್ಕೆ ಅವಳನ್ನು ಕರೆದೆ. ಹಳೆ ಸೀರೆಯ ಹತ್ತು ಇಂಚಿನ ಪಟ್ಟಿ ಕೊಟ್ಟು, ಮೂರು ಸಮಪಾಲು ಮಾಡು ಎಂದೆ. ಟೇಪು ಹಿಡಿದು ಮೂರೂಕಾಲು ಇಂಚಿನ ಮೂರು ತುಂಡು ಕತ್ತರಿಸಿದಳು. ಕೊನೆಗೆ ಎಳೆಯಂಥ ಚೂರೊಂದು ಉಳಿಯಿತು.

"ಟೇಪ ಹಚ್ಚಬ್ಯಾಡವ್ವ. ಮೂರ ಮಡಿಕಿ ಹಾಕಿ ಇಡು. ಕತ್ರಿ ಕಡೀಕ ಹಿಡದ್ರಾತು," ಎಂದು ಇನ್ನೊಂದು ಪಟ್ಟಿ ಮಡಚಿ ತೋರಿಸಿದೆ.

ಅವಳು ಅದನ್ನೇ ನೋಡುತ್ತ ಕುಳಿತಳು. ಆಮೇಲೆ ಕಂಪ್ಯೂಟರಿನ ಮುಂದೆ ಓಡಿದಳು. ಪಾಲುಗಳನ್ನು ಚುಕ್ಕೆ ಹಾಕಿ ಬರೆಯದೆ, ಗೆರೆಯ ಮೇಲೆ ಒಂದು, ಕೆಳಗೆ ಹತ್ತು ಎಂದು ಮಡಿಕೆಯಂತೆ ಇಟ್ಟಳಂತೆ, ಕಡೆಯವರೆಗೂ ಬಿಡಿಸಲಿಲ್ಲವಂತೆ. ಚಹಾದ ಹೊತ್ತಿಗೆ ಬಂದು ನನ್ನನ್ನು ಎತ್ತಿಯೇ ಬಿಟ್ಟಳು.

"ಆಯಿ, ಸೊನ್ನಿ ಬಂತು."

"ನನಗ ಸೊನ್ನಿ ಬಂದಾಗ ಮಾಸ್ತರ ಬೆತ್ತ ತಗೊಂಡಿದ್ರು. ನೀ ಕುಣಿಯಾಕತ್ತೀಯಲ್ಲ," ಎಂದೆ. ತಿಳಿಯದಿದ್ದರೂ ನಾನೂ ಕುಣಿದೆ.

ಸೋಮವಾರ ಮಾಸ್ತರರು ಒಪ್ಪಿದರು. ಹೇಗೆ ಹೊಳೆಯಿತು ಎಂದು ಕೇಳಿದಾಗ ಇವಳು ಚೀಲದಿಂದ ಮಡಚಿದ ಆ ಪಟ್ಟಿ ತೆಗೆದಳಂತೆ. ಅಲ್ಲಿದ್ದವರೆಲ್ಲ ಕೈಯಿಂದ ಕೈಗೆ ದಾಟಿಸಿ ನೋಡಿದರಂತೆ. ನನ್ನ ಹಳೆ ಸೀರೆಯಲ್ಲಿ ಅವರಿಗೇನು ಕಂಡಿತೋ. ಸಂತೋಷಕ್ಕೆ ಕಣ್ಣು ತುಂಬಿ ಬಂತು. ನಾಚಿಕೆಯೂ ಆಯಿತು.

"ಒಯ್ಯೂದಿದ್ರ ಮೊದಲ ಹೇಳಬಾರದೇನ," ಎಂದೆ. "ಒಗದ ಕೊಡತಿದ್ನಲ್ಲ."