ತಿಪಟೂರಿನ ‘ತಿ’

ಕಳೆದ ಭಾನುವಾರ ಹಳೆಯ ಬೀರು ಖಾಲಿ ಮಾಡುತ್ತಿದ್ದೆ. ನುಸಿಗುಳಿಗೆಯ ವಾಸನೆ ಹೊತ್ತ ಒಂದು ನೋಟ್‌ಬುಕ್ ಕೈಗೆ ಬಂತು. ಮೊದಲ ಪುಟದಲ್ಲಿ ನನ್ನದೇ ಅಕ್ಷರ, ಕೆಂಪು ಶಾಯಿ: ‘ಹಟ್ಟಿಯ ಹೆಂಗಸರಿಗೆ ಓದು ಕಲಿಸುವ ಯೋಜನೆ’. ಅದರ ಕೆಳಗೆ ಸ್ಕೇಲಿಟ್ಟು ಎಳೆದ ಎರಡು ಗೆರೆ. ಗೆರೆ ಎಳೆಯುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ನಿಮ್ಮ ಮನೆಯಲ್ಲೂ ಇಂಥದೊಂದು ಪುಸ್ತಕ ಎಲ್ಲೋ ಇದ್ದೀತು. ಇದ್ದರೆ ನಾಚಿಕೆಪಡಬೇಡಿ, ಜೊತೆಗೆ ನಾನಿದ್ದೇನೆ.

ಆಗ ನಾನು ಚಿಕ್ಕನಾಯಕನಹಳ್ಳಿಯಲ್ಲಿ ಪ್ರೈಮರಿ ಶಾಲೆ ಮೇಷ್ಟ್ರು. ನಮ್ಮ ಮನೆ ಊರಿನ ಅಂಚಿನಲ್ಲಿತ್ತು. ಹಿಂದಿನ ತೆಂಗಿನ ತೋಟ ದಾಟಿದರೆ ಕುರಿ ಸಾಕುವವರ ಹಟ್ಟಿ. ಅಲ್ಲಿನ ಹೆಂಗಸರಿಗೆ ಪಾಠ ಹೇಳಬೇಕೆಂಬ ಆಸೆ ಹುಟ್ಟಿ ಎರಡು ವರ್ಷವಾಗಿತ್ತು. ಆ ಎರಡು ವರ್ಷದಲ್ಲಿ ಮೂವತ್ತು ಪುಟ ತುಂಬಿಸಿದ್ದೆ. ಯಾವ ವಾರ ಯಾವ ಅಕ್ಷರ, ಚಾಪೆ ಎಷ್ಟು ಬೇಕು, ಕರಿಹಲಗೆಯ ಅಳತೆ ಏನು, ಎಲ್ಲವೂ ಇತ್ತು. ಉದ್ಘಾಟನೆಗೆ ಯಾರನ್ನು ಕರೆಯಬೇಕೆಂಬುದೊಂದೇ ಇತ್ಯರ್ಥವಾಗಿರಲಿಲ್ಲ. ಹೋಟೆಲಿನಲ್ಲಿ, ಕ್ಷೌರದಂಗಡಿಯಲ್ಲಿ, ಸಿಕ್ಕವರಿಗೆಲ್ಲ ಯೋಜನೆಯನ್ನು ವಿವರಿಸುತ್ತಿದ್ದೆ. ಹೇಳಿದಷ್ಟೂ ಅರ್ಧ ಕೆಲಸ ಮುಗಿದಂತೆ ಹಿತವಾಗುತ್ತಿತ್ತು.

ಆ ಸುದ್ದಿ ಕ್ಯಾತಮ್ಮನ ಕಿವಿಗೂ ಬಿದ್ದಿತ್ತು. ಹಟ್ಟಿಯಾಕೆ, ಐವತ್ತು ದಾಟಿದವಳು. ಒಂದು ಬೆಳಿಗ್ಗೆ ಕುರಿ ಹೊಡೆದುಕೊಂಡು ಹೋಗುವ ದಾರಿಯಲ್ಲಿ ನಮ್ಮ ಜಗಲಿಯ ಮುಂದೆ ನಿಂತಳು.

“ಮೇಷ್ಟ್ರೇ, ಅದೇನೋ ಸ್ಕೂಲು ಮಾಡ್ತೀರಂತಲ್ಲ, ಯಾವಾಗ ಸುರು?”

“ಇನ್ನೂ ಯೋಜನೆ ಆಗ್ತಾ ಇದೆ ಕ್ಯಾತಮ್ಮ.”

“ಅದಾಗಾಕೆ ಎಷ್ಟು ದಿನ ಬೇಕು? ನನ್ನ ಮಗಳಿಗೆ ಒಂಬತ್ತು ತಿಂಗ್ಳಿಗೆ ಕೂಸೇ ಆಗ್ಬುಡ್ತದೆ.”

ನಾನು ನಕ್ಕೆ. ಅವಳು ನಗಲಿಲ್ಲ. ಜಗಲಿಯ ತುದಿಯಲ್ಲಿ ಕುಳಿತು ಹೇಳಿದಳು. ಮಗಳನ್ನು ತಿಪಟೂರಿಗೆ ಕೊಟ್ಟಿತ್ತು. ಮೊದಲ ಹೆರಿಗೆಗೆ ಆಸ್ಪತ್ರೆಗೆ ಸೇರಿಸಿದ್ದಾರೆಂದು ಸುದ್ದಿ ಬಂದಾಗ ಕ್ಯಾತಮ್ಮ ಬಸ್ ಸ್ಟ್ಯಾಂಡಿಗೆ ಓಡಿದ್ದಳು. ಅವಳ ಲೆಕ್ಕದಲ್ಲಿ ನೀಲಿ ಪಟ್ಟೆಯ ಬಸ್ಸು ತಿಪಟೂರಿನದು. ಅವತ್ತು ಅದೇ ಬಣ್ಣದ ಇನ್ನೊಂದು ಬಸ್ಸು ತುರುವೇಕೆರೆಗೆ ಹೊರಟಿತ್ತು. ಯಾರನ್ನಾದರೂ ಕೇಳಲು ಸಂಕೋಚ. ಹತ್ತಿ ಕುಳಿತಳು, ಸುಸ್ತಿಗೆ ನಿದ್ದೆ ಹೋದಳು. ತುರುವೇಕೆರೆಯಿಂದ ತಿರುಗಿ ತಿಪಟೂರು ಮುಟ್ಟುವಷ್ಟರಲ್ಲಿ ಕೂಸು ಹುಟ್ಟಿ, ಮಗಳು ಅತ್ತತ್ತು ಸುಮ್ಮನಾಗಿದ್ದಳು.

“ಅವ್ವ ಎಲ್ಲಿ, ಅವ್ವ ಎಲ್ಲಿ ಅಂತ ಕೂಗ್ಕೊಂಡ್ಳಂತೆ ಕಣಿ ಮೇಷ್ಟ್ರೇ. ನಾನು ಹೋದ್ಮೇಲೆ ಒಂದು ಮಾತೂ ಅನ್ನಲಿಲ್ಲ. ಬೈದಿದ್ರೆ ಚೆನ್ನಾಗಿರ್ತಿತ್ತು.” ಸೆರಗಿನಿಂದ ಮುಖ ಒರೆಸಿಕೊಂಡಳು. “ಈಗ ಎರಡನೇದು, ಐದು ತಿಂಗ್ಳು. ಬೋರ್ಡು ಓದೋದು ಹೇಳ್ಕೊಡಿ.”

“ಬರೋ ತಿಂಗಳು...” ಎಂದು ಶುರುಮಾಡಿದೆ. ಅವಳು ಎದ್ದೇಳಲಿಲ್ಲ. ಕುರಿಗಳು ನನ್ನ ಹೆಂಡತಿಯ ದಾಸವಾಳದ ಗಿಡಕ್ಕೆ ಬಾಯಿ ಹಾಕಿದವು. ಒಳಗಿಂದ ಹೆಂಡತಿ, “ರೀ, ಅದೇನು ಹೇಳ್ಕೊಡ್ಬೇಕೋ ಹೇಳ್ಕೊಟ್ಟು ಕಳಿಸ್ರೀ!” ಎಂದು ಕೂಗಿದಳು. ನಮ್ಮ ಶಾಲೆಯ ಉದ್ಘಾಟನಾ ಭಾಷಣ ಅಷ್ಟೇ.

ಜೇಬಿನಲ್ಲಿದ್ದ ಸೀಮೆಸುಣ್ಣದ ತುಂಡಿನಿಂದ ಜಗಲಿ ಕಲ್ಲಿನ ಮೇಲೆ ‘ಅ’ ಬರೆದೆ.

“ಇದು ತಿಪಟೂರಲ್ಲಿ ಎಲ್ಲಿ ಬತ್ತದೆ?”

“ಬರೋದಿಲ್ಲ.”

“ಹಂಗಾದ್ರೆ ಇದು ಆಮ್ಯಾಕೆ. ಮೊದ್ಲು ತಿಪಟೂರು ಬರ್ಕೊಡಿ.”

ಮೂವತ್ತು ಪುಟದ ಪಾಠಕ್ರಮ ಅಲ್ಲಿಗೆ ಮಗುಚಿತು. ‘ತಿ’ ಬರೆದೆ, ಪಕ್ಕದಲ್ಲಿ ತುರುವೇಕೆರೆಯ ‘ತು’ ಬರೆದೆ. ಅವಳು ಎರಡನ್ನೂ ಬಹಳ ಹೊತ್ತು ನೋಡಿದಳು. ಕೊನೆಗೆ ‘ತು’ವಿನ ಕೊಂಬಿನ ಮೇಲೆ ಬೆರಳಿಟ್ಟು, “ಈ ಬಾಲದಿಂದ್ಲೇ ನಾನು ಕೆಟ್ಟಿದ್ದು” ಎಂದಳು.

ಅಂದಿನಿಂದ ದಿನಾ ಬೆಳಿಗ್ಗೆ ಹತ್ತು ನಿಮಿಷ. ಹಗಲೆಲ್ಲ ಕುರಿ ಮೇಯಿಸುತ್ತ ಕೋಲಿನಿಂದ ನೆಲದ ಮೇಲೆ ಬರೆಯುತ್ತಿದ್ದಳು. “ಕುರಿ ತುಳಿದು ಅಳಿಸ್ತವೆ, ಮತ್ತೆ ಬರೀತೀನಿ. ಒಳ್ಳೇದೇ ಆಯ್ತು ಬುಡಿ” ಎನ್ನುತ್ತಿದ್ದಳು. ತಿಂಗಳೊಪ್ಪತ್ತಿನಲ್ಲಿ ಹಟ್ಟಿಯ ಇನ್ನಿಬ್ಬರು ಬಂದರು, ಆಮೇಲೆ ಮತ್ತೆ ನಾಲ್ವರು. ಚಾಪೆ ಸಾಲದೆ ಗೋಣಿಚೀಲ ಹಾಸಿದೆವು.

ನಾಲ್ಕು ತಿಂಗಳ ಮೇಲೆ ಒಂದು ಮಧ್ಯಾಹ್ನ ಕ್ಯಾತಮ್ಮ ಏದುಸಿರು ಬಿಡುತ್ತ ಬಂದಳು. ಮಗಳಿಗೆ ನೋವು ಶುರುವಾಗಿತ್ತು. ಜೊತೆಗೆ ಬಸ್ ಸ್ಟ್ಯಾಂಡಿಗೆ ನಾನೂ ನಡೆದೆ. “ನೀವು ಬಾಯಿ ಬುಡಬ್ಯಾಡಿ” ಎಂದು ದಾರಿಯಲ್ಲೇ ಕಟ್ಟಪ್ಪಣೆ ಮಾಡಿದಳು. ನಿಂತಿದ್ದ ಬಸ್ಸಿನ ಬೋರ್ಡನ್ನು ತುಟಿ ಅಲುಗಿಸುತ್ತ ಓದಿ, ಮುಖ ಅರಳಿಸಿಕೊಂಡು ಹತ್ತಿದಳು. ಅಷ್ಟರಲ್ಲಿ ಕಂಡಕ್ಟರ್ “ಹುಳಿಯಾರ್, ಹುಳಿಯಾರ್” ಎಂದು ಕೂಗಿದ. ಬೋರ್ಡು ನೋಡಿದೆ. ತಿಪಟೂರು ಎಂದೇ ಇತ್ತು.

ಕ್ಯಾತಮ್ಮ ಬಾಗಿಲಿಗೆ ಬಂದು ನಿಂತಳು. ಹಿಂದಿನ ಕ್ಯಾತಮ್ಮನಾಗಿದ್ದರೆ ತಲೆ ತಗ್ಗಿಸಿ ಇಳಿಯುತ್ತಿದ್ದಳು.

“ಯಾವೂರಿಗಪ್ಪ ಇದು?”

“ಹುಳಿಯಾರಿಗೆ ಕಣಮ್ಮ. ಓದಾಕೆ ಬರಲ್ವಾ?”

“ಬತ್ತದೆ. ನೀನು ಕೆಳಗಿಳಿದು ಒಂದ್ಸಲ ಓದು.”

ಅವನು ಇಳಿದು ನೋಡಿದ. ತಿಪಟೂರಿಗೆ ಹೋದಾಗಿನ ಬೋರ್ಡನ್ನು ತಿರುಗಿಸಲು ಮರೆತಿದ್ದ. ಸುತ್ತಲಿದ್ದವರೆಲ್ಲ ಗೊಳ್ಳೆಂದು ನಕ್ಕರು. “ತಪ್ಪಾಯ್ತು ಕಣವ್ವ” ಎನ್ನುತ್ತ ಬೋರ್ಡು ತಿರುಗಿಸಿದ. ಅವಳು ಅದನ್ನೂ ಓದಿದಳು, ‘ಹು-ಳಿ-ಯಾ-ರು’, ತಲೆಯಾಡಿಸಿದಳು, ಆಮೇಲೆ ಹಿಂದೆ ಬಂದು ನಿಂತ ಬಸ್ಸಿನ ಬೋರ್ಡು ಓದಿ ಹತ್ತಿದಳು. ಈ ಸಲ ಮೊಮ್ಮಗಳು ಹುಟ್ಟುವ ಹೊತ್ತಿಗೆ ಮಗಳ ಕೈ ಅವಳ ಕೈಯಲ್ಲಿತ್ತು.

ಇಷ್ಟೆಲ್ಲ ನೆನೆಯುತ್ತ ಬೀರುವಿನ ಮುಂದೆ ಕುಳಿತಿದ್ದವನಿಗೆ ತಟ್ಟನೆ ದಬ್ಬೇಘಟ್ಟದ ಶಿವಣ್ಣ ಕಣ್ಣಿಗೆ ಕಟ್ಟಿದ. ಮೇಷ್ಟ್ರ ಟ್ರೈನಿಂಗಿನಲ್ಲಿ ನನ್ನ ಜೊತೆ ಒಂದೇ ರೂಮಿನಲ್ಲಿದ್ದವನು. ನಾಲ್ಕು ತಿಂಗಳ ಹಿಂದೆ ಅವನಿಗೆ ಪಾರ್ಶ್ವವಾಯು ಬಡಿದು ಮಾತು ನಿಂತಿತ್ತು. ಹೋಗಿ ಏನು ಮಾತಾಡಲಿ, ಹೇಗೆ ಸಮಾಧಾನ ಹೇಳಲಿ ಎಂದು ಮನಸ್ಸಿನಲ್ಲೇ ಮಾತು ಜೋಡಿಸುತ್ತ ನಾಲ್ಕು ತಿಂಗಳು ಕಳೆದಿದ್ದೆ. ಹರಡಿದ್ದನ್ನು ಹಾಗೇ ಬಿಟ್ಟು ಎದ್ದೆ, ಬಸ್ಸು ಹತ್ತಿದೆ.

ಶಿವಣ್ಣ ಪಡಸಾಲೆಯಲ್ಲಿ ಮಂಚದ ಮೇಲೆ ಒರಗಿದ್ದ. ಜೋಡಿಸಿಟ್ಟ ಮಾತು ಒಂದೂ ಬಾಯಿಗೆ ಬರಲಿಲ್ಲ. ಅವನು ಎಡಗೈಯಲ್ಲಿ ಪೆನ್ಸಿಲ್ ಹಿಡಿದು, ಒಂದನೇ ಕ್ಲಾಸಿನ ಮಗುವಿನ ಹಾಗೆ ತುಟಿ ಕಚ್ಚಿ, ಹಾಳೆಯ ಮೇಲೆ ಬಹಳ ಹೊತ್ತು ಏನೋ ಗೀಚಿದ. ಒಂದೊಂದೇ ಅಕ್ಷರ ಕೂಡಿಸಿ ಓದಿದೆ.

‘ಈಗ ಬಂದ್ಯೇನ್ಲಾ?’

ಅವನು ಹಾಳೆ ಕಿತ್ತುಕೊಂಡು ಕೆಳಗೆ ಇನ್ನೊಂದು ಸಾಲು ಬರೆದ.

‘ಉಂಡು ಹೋಗು.’