ಮೂವತ್ತೈದು ಉಳಿಯಬೇಕಿತ್ತು

ಕುಷ್ಟಗಿಯ ದೊಡ್ಡಬಸಪ್ಪ ಮಾಸ್ತರರ ಅಂಗಳದ ಪರಸಿಗಲ್ಲುಗಳ ಮೇಲೆ ಬೆಳಿಗ್ಗೆ ಯಾರೂ ಕಾಲಿಡುವಂತಿರಲಿಲ್ಲ. ಒಂದೊಂದು ಕಲ್ಲಿನ ಮೇಲೆ ಸೀಮೆಸುಣ್ಣದ ಒಂದೊಂದು ಭಾಗಾಕಾರ. ಭಾಗಿಸುವ ಸಂಖ್ಯೆ ಬದಲಾಗುತ್ತಿತ್ತು, ಭಾಗವಾಗಬೇಕಾದದ್ದು ಮಾತ್ರ ಒಂದೇ: 2147483647. ಸಂಜೆ ಹೆಂಡತಿ ವಿರೂಪಾಕ್ಷಮ್ಮ ನೀರು ಹಾಕಿ ಎಲ್ಲವನ್ನೂ ತೊಳೆಯುತ್ತಿದ್ದರು.

ವರ್ಷಗಳ ಹಿಂದೆ ನವಲಿಯ ಶಾಲೆಯಲ್ಲಿ ಹೊಸದಾಗಿ ಗಣಿತ ಕಲಿಸುವಾಗ ಮಾಸ್ತರರು ಈ ಸಂಖ್ಯೆಯನ್ನು ಹಲಗೆಯ ಮೇಲೆ ಬರೆದಿದ್ದರು. ಮೂವತ್ತೊಂದು ಎರಡುಗಳನ್ನು ಗುಣಿಸಿ ಒಂದು ಕಳೆದರೆ ಇದು ಬರುತ್ತದೆ. ಒಂದು ಮತ್ತು ತಾನು ಬಿಟ್ಟರೆ ಬೇರೆ ಯಾವುದರಿಂದಲೂ ನಿಶ್ಶೇಷವಾಗಿ ಭಾಗವಾಗದು ಎಂದಿದ್ದರು.

"ನೀವು ಮಾಡಿ ನೋಡೀರೇನ್ರಿ ಸರ?" ಎಂದು ಒಬ್ಬ ಹುಡುಗಿ ಕೇಳಿದಳು.

ನೋಡಿರಲಿಲ್ಲ. ಆ ಬೇಸಿಗೆಯಿಡೀ ಭಾಗಿಸುತ್ತ ಕೂತರು. ಇದಕ್ಕೆ ಅಪವರ್ತನ ಇರುವುದೇ ಆದರೆ ಅದನ್ನು ಅರವತ್ತೆರಡರಿಂದ ಭಾಗಿಸಿದಾಗ ಒಂದು ಉಳಿಯಲೇಬೇಕು. ಅಂಥವನ್ನಷ್ಟೇ ನೋಡಿದರೆ ಸಾಕಿತ್ತು. ಪ್ರತಿ ಸಲವೂ ಶೇಷ ಉಳಿಯಿತು.

ಹೋದ ವರ್ಷ ಡಾಕ್ಟರು ಮರೆವಿನ ರೋಗ ಎಂದರು. ನಿವೃತ್ತಿಯ ನಂತರ ಸಂಜೆ ಹತ್ತನೆಯ ತರಗತಿಯ ಮಕ್ಕಳಿಗೆ ಪಾಠ ಹೇಳುವುದೊಂದೇ ಅವರಿಗೆ ಉಳಿದಿದ್ದ ಕೆಲಸ. ಅವರು ಮಗಳು ಅಮೃತಾಳನ್ನು ಕರೆದರು. ಅವಳೂ ಶಾಲೆಯಲ್ಲಿ ಗಣಿತ ಕಲಿಸುವವಳು.

"ದಿನಾ ಭಾಗಾಕಾರ ಮಾಡ್ತೀನಿ. ಯಾವತ್ತು ಶೇಷ ಇಲ್ಲ ಅಂತೀನಿ, ಅವತ್ತಿಗೆ ಕ್ಲಾಸ್ ಬಂದ್. ಹುಡುಗರಿಗೆ ತಪ್ಪು ಕಲಿಸಬಾರದು. ನನಗ ತಿಳೀಲಿಕ್ಕಿಲ್ಲ, ನೀನ ಹೇಳಬೇಕು."

ಈ ಶ್ರಾವಣದ ಒಂದು ಬೆಳಿಗ್ಗೆ ಅವಳು ಶಾಲೆಗೆ ಹೊರಟಿದ್ದಾಗ ಅಂಗಳದಿಂದ ಕೂಗು ಬಂತು. "ಅವ್ವಿ, ಬಾ ಇಲ್ಲಿ! ಮುನ್ನೂರಾ ಹನ್ನೊಂದರಿಂದ ಹೋತು! ಸೊನ್ನಿ!"

"ಇಷ್ಟು ವರ್ಷ ಯಾರಿಗೂ ಸಿಗಲಾರದ್ದು ನಿಮಗ ಸಿಕ್ಕಿತೇನ್ರಿ? ಡಂಗುರ ಹೊಡಸ್ರಿ ಮತ್ತ," ಎಂದು ವಿರೂಪಾಕ್ಷಮ್ಮ ಅಡುಗೆಮನೆಯಿಂದ ನಕ್ಕರು.

ಅಮೃತಾ ಮೊಣಕಾಲೂರಿ ನೋಡಿದಳು. ಕೊನೆಯ ಸಾಲಿನಲ್ಲಿ 657 ಇರಬೇಕಾದಲ್ಲಿ 622 ಬರೆದು, ಅದರಲ್ಲಿ 622 ಕಳೆದಿದ್ದರು. ತಲೆಯೆತ್ತಿದರೆ ಅಪ್ಪನ ಮುಖ ಅರಳಿತ್ತು. ಹ್ಞೂಂ ಎಂದುಬಿಟ್ಟರೆ ಸಂಜೆ ಮಕ್ಕಳು ಎಂದಿನಂತೆ ಬಂದು ಕೂರುತ್ತಾರೆ. ಮಾರ್ಚಿನಲ್ಲಿ ಅವರಿಗೆ ಪರೀಕ್ಷೆ.

"ಮೂವತ್ತೈದು ಉಳೀತೈತಪಾ."

"ಎಲ್ಲಿ?"

ಅವಳು ಬೆರಳಿಟ್ಟು ತೋರಿಸಿದಳು. ಮಾಸ್ತರರು ಆ ಸಾಲನ್ನು ಮತ್ತೊಮ್ಮೆ ಕಳೆದು ನೋಡಿದರು. ಆಮೇಲೆ ಸೀಮೆಸುಣ್ಣವನ್ನು ಅವಳ ಅಂಗೈಯಲ್ಲಿಟ್ಟರು.

"ಸಂಜಿಗೆ ನೀನ ಕೂಡು. ಸಮೀಕರಣಕ್ಕ ಬಂದೀವಿ. ಚಿಹ್ನಿ ಬದಲಾಗೋ ಕಡೆ ಭಾಳ ತಪ್ತಾರ, ನೋಡ್ಕೋ."

ಸಂಜೆ ಅವಳು ಪಾಠ ಮಾಡಿದಳು. ಅವರು ಒಳಕೋಣೆಯಿಂದ ಹೊರಬರಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಚಪ್ಪಲಿ ಮೆಟ್ಟುತ್ತಿರುವಾಗ, ತೊಳೆದು ಒಣಗಿದ ಅದೇ ಕಲ್ಲಿನ ಬಳಿಯಿಂದ ಅಪ್ಪ ಕೂಗಿದರು. "ಅವ್ವಿ, ಬಾ ಇಲ್ಲಿ! ಮುನ್ನೂರಾ ಹನ್ನೊಂದರಿಂದ ಹೋತು!"

ಈ ಸಲ ವಿರೂಪಾಕ್ಷಮ್ಮ ಅಡುಗೆಮನೆಯಿಂದ ಬಾಗಿಲಿಗೆ ಬಂದು ನಿಂತರು. ಅಮೃತಾ ಚೀಲ ಕೆಳಗಿಟ್ಟು, ಮತ್ತೆ ಆ ಕಲ್ಲಿನ ಮುಂದೆ ಮೊಣಕಾಲೂರಿದಳು.