ಅಕ್ಕನನ್ನು ಶಾಲೆಯ ಊರಿಗೆ ಕೊಟ್ಟದ್ದು

ನಮ್ಮೂರ ಶಾಲೆ ನಾಲ್ಕನೇ ಇಯತ್ತೆಗೆ ಮುಗಿಯುತ್ತಿತ್ತು. ಐದರಿಂದ ಏಳರವರೆಗೆ ಓದಬೇಕೆಂದರೆ ಕಲಘಟಗಿ ದಾರಿಯಲ್ಲಿದ್ದ ನಮ್ಮ ಸೋದರತ್ತೆಯ ಊರಿಗೆ ನಡೆದು ಹೋಗಬೇಕು. ನಮ್ಮೂರಿನವರೆಲ್ಲ ಆ ಊರಿಗೆ ಒಂದಲ್ಲ ಒಂದು ಹೆಣ್ಣು ಕೊಟ್ಟವರೇ. ಮಧ್ಯಾಹ್ನ ಬುತ್ತಿ ಬಿಚ್ಚಲು, ಮಳೆ ಹಿಡಿದರೆ ಉಳಿಯಲು ನಮ್ಮವರ ಮನೆ ಇಲ್ಲದ ಊರಿಗೆ ಹುಡುಗಿಯನ್ನು ಕಳಿಸುವ ಪದ್ಧತಿ ನಮ್ಮಲ್ಲಿರಲಿಲ್ಲ.

ಎಪ್ಪತ್ತರ ದಶಕದ ನಡುವಿನ ಒಂದು ಬೇಸಿಗೆಯಲ್ಲಿ ಶಾಲೆಗಳ ಸರಹದ್ದು ಬದಲಾಯಿಸಿ ನಮ್ಮೂರನ್ನು ಹಳ್ಳದಾಚೆಯ ಊರಿಗೆ ಹಚ್ಚಿದರು. ಆ ಊರಿಗೂ ನಮಗೂ ದನ ಮೇಯಿಸುವ ಜಗಳ ಬಿಟ್ಟರೆ ಬೇರೆ ಸಂಬಂಧವೇ ಇರಲಿಲ್ಲ. ಹಳೆಯ ಶಾಲೆಯ ಹೆಡ್ ಮಾಸ್ತರರು ಇನ್ನು ತಮ್ಮ ಕೈಯಲ್ಲಿ ಏನೂ ಇಲ್ಲವೆಂದರು. ಅಪ್ಪ ಕಲಘಟಗಿಗೆ ಹೋಗಿ ದನಿ ಎತ್ತಿ ಕೇಳಿದರೆ ಅಲ್ಲಿಯ ಶಿಕ್ಷಣ ಕಚೇರಿಯ ಸಾಹೇಬರು, ಹತ್ತಿರದ ಶಾಲೆ ಕೊಟ್ಟರೂ ನಿಮ್ಮದು ತಕರಾರೇ ಎಂದು ತಲೆ ಎತ್ತದೇ ಅಂದರಂತೆ. ನಕ್ಷೆಯ ಮೇಲೆ ಬೆರಳಿಟ್ಟು ಅಳೆಯುವವರಿಗೆ ಎಲ್ಲವೂ ಹತ್ತಿರವೇ.

ಗಂಡು ಹುಡುಗರು ಚಡ್ಡಿ ಎತ್ತಿಕೊಂಡು ಹಳ್ಳ ದಾಟಿದರು. ಬಾಜೂ ಮನೆಯವರು ಮಗಳನ್ನು ಅಜ್ಜಿಯ ಊರಿಗೆ ಕಳಿಸಿದರು. ಉಳಿದ ಹುಡುಗಿಯರು ಭತ್ತದ ಗದ್ದೆಯಲ್ಲಿ ಕಳೆ ಕೀಳಲು ನಿಂತರು. ಯಾರಿಗೂ ಅದೊಂದು ನಷ್ಟ ಅನ್ನಿಸಲೇ ಇಲ್ಲ.

ನಮ್ಮಪ್ಪ ಹಾಗಲ್ಲ. ಹೆಣ್ಣುಮಕ್ಕಳು ಓದಬೇಕು ಅನ್ನುವವನು. ಅಕ್ಕ ಆರನೇ ಇಯತ್ತೆ ಮುಗಿಸಿದ್ದಳು. ಏಳರ ಕೊನೆಗೆ ಮುಲ್ಕಿ ಎಂಬ ಸರಕಾರಿ ಪರೀಕ್ಷೆ. ಅವಳ ತಂಗಿ ನಾನು ಐದಕ್ಕೆ ಹೋಗಬೇಕಿತ್ತು. ಆ ಊರಲ್ಲಿ ನಮ್ಮವರ ಮನೆ ಇಲ್ಲ ಅಂದಮೇಲೆ ಒಂದು ಮನೆ ಮಾಡಿಕೊಂಡರಾಯಿತು ಎಂದು ಅಪ್ಪ ಬೀಗರನ್ನೇ ಹುಡುಕಿದ. ಶಾಲೆಯ ಬೆನ್ನಿಗೇ ಇದ್ದ ಜಮೀನುದಾರರ ಮನೆ. ಹದಿನಾಲ್ಕಕ್ಕೆ ಅಕ್ಕನ ಮದುವೆಯಾಯಿತು. ಮಕ್ಕಳನ್ನು ಓದಿಸಲು ಎಂಥ ಉಪಾಯ ಹೂಡಿದ ಎಂದು ಊರೆಲ್ಲ ಹೊಗಳಿತು.

ಮುಲ್ಕಿಗೆ ಕೂಡಿಸುತ್ತೇವೆ ಎಂದು ಬೀಗರು ಮಾತು ಕೊಟ್ಟಿದ್ದರು. ಅಪ್ಪ ಅದನ್ನು ನಂಬಿದ್ದ. ಶಾಲೆ ಸುರುವಾದ ದಿನ ಅಕ್ಕನ ಅತ್ತೆ, "ಸೊಸಿ ಪಾಟಿಚೀಲ ಹಿಡಕೊಂಡು ಓಣ್ಯಾಗ ಅಡ್ಡಾಡಿದ್ರ ಮಂದಿ ನಗತಾರ್ರಿ" ಎಂದಳು. ಅಪ್ಪ ಬೀಗರ ಮುಂದೆ ದನಿ ಎತ್ತಲಿಲ್ಲ. ಸಾಹೇಬರ ಮುಂದೆ ಎತ್ತಿದ್ದ ದನಿ ಇಲ್ಲಿ ಎಲ್ಲಿ ಹೋಯಿತೋ.

ಮಧ್ಯಾಹ್ನ ನಾನು ಅಕ್ಕನ ಅಡಿಗೆಮನೆಯಲ್ಲಿ ಉಣ್ಣುತ್ತಿದ್ದೆ. ಅಲ್ಲಿಗೆ ಏಳನೆಯವರು ಪಾಠ ಒಪ್ಪಿಸುವುದು ಸ್ಪಷ್ಟವಾಗಿ ಕೇಳುತ್ತಿತ್ತು. ಮೊದಮೊದಲು ಅಕ್ಕ ರೊಟ್ಟಿ ಬಡಿಯುತ್ತಲೇ ಅವರ ತಪ್ಪು ಹಿಡಿಯುತ್ತಿದ್ದಳು, ನನ್ನ ಲೆಕ್ಕ ತಿದ್ದುತ್ತಿದ್ದಳು. ದೀಪಾವಳಿಯ ಹೊತ್ತಿಗೆ ಎರಡನ್ನೂ ಬಿಟ್ಟಳು.

ಎರಡು ವರ್ಷದ ಮೇಲೆ ಸರಹದ್ದು ಮತ್ತೆ ಬದಲಾಯಿತು. ಮಳೆಗಾಲದಲ್ಲಿ ಹಳ್ಳ ತುಂಬುತ್ತದೆ ಎಂಬುದು ಯಾರಿಗೋ ಆಗ ಹೊಳೆದಿತ್ತು. ನಮ್ಮೂರನ್ನು ತಿರುಗಿ ಸೋದರತ್ತೆಯ ಊರಿಗೇ ಹಚ್ಚಿದರು. ಸುದ್ದಿ ಹೇಳಿದಾಗ ಅಕ್ಕ ಒಲೆಯ ಮುಂದಿನಿಂದ ಏಳಲಿಲ್ಲ.

"ನೀ ವಾಪಸ್ ಹೊಂಟಿ. ಹಂಗಾರ ನಾ ಇಲ್ಲಿಗೆ ಬಂದದ್ದು ಯಾತಕ್ಕಬೇ?"

ಅದನ್ನು ಅಂದೇ ಸಂಜೆ ಅಪ್ಪನಿಗೆ ಮುಟ್ಟಿಸಿದೆ. ಉಣ್ಣಲು ತಿನ್ನಲು ಅವಳಿಗೇನು ಕಡಿಮೆಯಾಗಿದೆ ಅಂದ. ಅಪ್ಪನ ಮೇಲೆ ನನಗೆ ಅಂದು ಬಂದ ಸಿಟ್ಟು ಅವನು ಸತ್ತ ಮೇಲೂ ಇಳಿದಿಲ್ಲ.

ಮುಂದಿನ ವರ್ಷ ನಾನು ಮುಲ್ಕಿ ಪಾಸಾದೆ. ಅಪ್ಪ ಧಾರವಾಡದಿಂದ ಪೇಢೆ ತರಿಸಿ ಊರಿಗೆಲ್ಲ ಹಂಚಿದ. ಅಕ್ಕನ ಮನೆಯ ಪೊಟ್ಟಣವನ್ನು ನನ್ನ ಕೈಯಲ್ಲೇ ಕಳಿಸಿದ. ಅವಳ ಅತ್ತೆ, ಮಾವ, ಗಂಡ ತಿಂದರು. ಅಕ್ಕ ನನಗೆ ನೀರು ಕೊಟ್ಟು ಒಳಗೆ ಹೋದವಳು ನಾನು ಹೊರಡುವವರೆಗೂ ಈಚೆ ಬರಲಿಲ್ಲ.